ನೀರು ಬಂದಾಗ ನಿಮ್ಮ ಹೆಸರು ಎಲ್ಲಿದೆ?



ನಿಮ್ಮ ಮನೆಯ ಕಾಗದಪತ್ರಗಳು ಎಲ್ಲಿವೆ, ಹೇಳಿ ನೋಡೋಣ? ಹೋದ ವರ್ಷದ ಹುಣಸೆಹಣ್ಣು ಯಾವ ಗಡಿಗೆಯಲ್ಲಿದೆ, ಮಗಳ ಬಾಣಂತನಕ್ಕೆಂದು ಎತ್ತಿಟ್ಟ ತುಪ್ಪ ಎಲ್ಲಿದೆ, ಹಬ್ಬಕ್ಕೆ ಬೇಕಾಗುವ ಹಿತ್ತಾಳೆ ಕೊಡ ಯಾವ ಅಟ್ಟದ ಮೇಲಿದೆ ಎಂದರೆ ಕಣ್ಣು ಮುಚ್ಚಿಕೊಂಡು ಹೇಳುವವರು ನಾವು. ಆದರೆ ಮನೆಯ ಉತಾರ ಎಲ್ಲಿ, ಹೊಲದ ಪಹಣಿ ಎಲ್ಲಿ ಎಂದರೆ, "ಅದೆಲ್ಲಾ ನಮ್ಮ ಮನಿಯವರು ನೋಡಿಕೋತಾರ್ರಿ" ಎಂದುಬಿಡುತ್ತೇವೆ. ಆ ಕಾಗದದಲ್ಲಿ ಯಾರ ಹೆಸರಿದೆ ಎಂದು ಕೇಳಿದರಂತೂ ನಕ್ಕು ಸುಮ್ಮನಾಗುತ್ತೇವೆ.

ನಕ್ಕು ಸುಮ್ಮನಾಗುವ ಮಾತಲ್ಲ ಇದು. ಮಳೆಗಾಲದ ನಡತೆ ಕೆಟ್ಟಿದೆ. ಹೊಳೆಗಳು ಹೇಳದೆ ಕೇಳದೆ ಮನೆಯೊಳಗೆ ಬರುತ್ತಿವೆ. ಬರ ಬಂದ ವರ್ಷ ಊರಿಗೆ ಊರೇ ಗಂಟು ಕಟ್ಟಿಕೊಂಡು ಹೊರಡುತ್ತದೆ. ಇಂಥ ಹೊತ್ತಿನಲ್ಲಿ ಯಾರಿಗೆ ನೆಲೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಆ ಕಾಗದವೇ ತೀರ್ಮಾನ ಮಾಡುತ್ತದೆ. ಈ ಪಕ್ಷ ಅದರ ವಿಷಯವಾಗಿಯೇ ನಾಲ್ಕು ಮಾತು ಆಡೋಣ. ಒಲೆಯ ಮೇಲೆ ಬೇಳೆ ಇಟ್ಟು, ಬೇಯುವಷ್ಟರಲ್ಲಿ ಓದಿಬಿಡಿ.

ಎದ್ದು ಹೋದ ಊರು

ನಮ್ಮ ವಿದ್ಯಾಗಿರಿ ಬಾಗಲಕೋಟೆಯಲ್ಲಿ ಎತ್ತರದ ನೆಲ. ಒಂದು ಕಡೆ ಹಳೆಯ ಊರು, ಇನ್ನೊಂದು ಕಡೆ ನವನಗರ, ನಡುವೆ ನಾವು. ಹೊರ ಊರಿನಿಂದ ಬಂದವರು, "ಒಂದೇ ಊರಿಗೆ ಎರಡು ಊರು ಯಾಕ್ರಿ?" ಎಂದು ಕೇಳುತ್ತಾರೆ. ಉತ್ತರ ಕೃಷ್ಣೆಯಲ್ಲಿದೆ.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಜಲಾಶಯಕ್ಕೆ ಈಗ ಅವರದೇ ಹೆಸರು. ಕೃಷ್ಣೆಗೆ ಅಡ್ಡಗಟ್ಟಿದ ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಬಾಗಲಕೋಟೆಯ ಓಣಿಗಳ ತನಕ ಬರುತ್ತದೆ ಎಂದು ಗೊತ್ತಾದಾಗ, ಊರನ್ನೇ ಎತ್ತಿ ಬೇರೆಡೆ ಇಡುವ ಯೋಜನೆಯಾಯಿತು. ಹೊಸ ಪಟ್ಟಣದ ನಕ್ಷೆ ಮಾಡಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅದು 1980ರ ದಶಕದ ಮಾತು. ಸೆಕ್ಟರುಗಳಾದವು, ಅಗಲ ರಸ್ತೆಗಳಾದವು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಲು ಒಪ್ಪಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳು ತಮ್ಮ ಜಾಗ ಬಿಟ್ಟಿದ್ದವು.

ಆ ನೀರಿನಿಂದ ಲಕ್ಷಾಂತರ ಎಕರೆ ಒಣ ಭೂಮಿ ಹಸಿರಾಯಿತು. ಇದನ್ನು ಮರೆಯಬಾರದು. ಆದರೆ ಬಿಟ್ಟು ಬಂದವರ ಲೆಕ್ಕ ಹೇಗಾಯಿತು ಎಂಬುದನ್ನೂ ಮರೆಯಬಾರದು. ಆಗ ಇದ್ದದ್ದು 1894ರ ಬ್ರಿಟಿಷರ ಕಾಲದ ಭೂಸ್ವಾಧೀನ ಕಾಯ್ದೆ. ಅದು ಕೇಳುತ್ತಿದ್ದ ದೊಡ್ಡ ಪ್ರಶ್ನೆ ಒಂದೇ: "ಜಾಗ ಯಾರ ಹೆಸರಿನಲ್ಲಿದೆ?" ಹೆಸರಿದ್ದವರಿಗೆ ಜಾಗದ ಬೆಲೆ. ಪುನರ್ವಸತಿಯ ಸೌಲಭ್ಯಗಳನ್ನು ಸರ್ಕಾರ ಬೇರೆಯಾಗಿ ಕೊಟ್ಟಿತು, ನಿಜ. ಆದರೂ ಊರೆಂದರೆ ಬರೀ ಮಾಲೀಕರೇ? ಬಾಡಿಗೆ ಮನೆಯಲ್ಲಿ ಮಗ್ಗ ಹಾಕಿಕೊಂಡು ಸೀರೆ ನೇಯುವವರಿದ್ದರು. ಹೊಳೆ ದಂಡೆಯಲ್ಲಿ ಕಾಯಿಪಲ್ಲೆ ಬೆಳೆದು ಬುಟ್ಟಿಯಲ್ಲಿ ಹೊತ್ತು ಮಾರುವವರಿದ್ದರು. ಪರರ ಹೊಲದಲ್ಲಿ ಕಳೆ ತೆಗೆದು ಸಂಜೆಗೆ ಸೇರು ಜೋಳ ತರುವವರಿದ್ದರು. ಇವರ ಬದುಕು ಯಾವ ಉತಾರದಲ್ಲೂ ಬರೆದಿರುವುದಿಲ್ಲ. ಇವರಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳು ಎಂದು ನಾನು ಬೇರೆ ಹೇಳಬೇಕೇ?

ಮಳೆ ಎಲ್ಲೋ, ಮುಳುಗು ಇಲ್ಲಿ

ಅಣೆಕಟ್ಟು ಮನುಷ್ಯ ಕಟ್ಟಿದ್ದು. ಎಷ್ಟು ನೀರು, ಯಾವಾಗ ನೀರು ಎಂದು ಮೊದಲೇ ಹೇಳಬಹುದು. ಈಗ ಬರುತ್ತಿರುವ ನೀರು ಹಾಗಲ್ಲ.

ನಮ್ಮದು ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆ. ವರ್ಷವಿಡೀ ಸುರಿದರೂ ಸರಾಸರಿ 600 ಮಿಲಿಮೀಟರ್ ದಾಟುವುದಿಲ್ಲ. ಆದರೆ ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ, ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಘಟಪ್ರಭೆಯೂ ಘಟ್ಟದ ಮಗಳೇ. ಅಲ್ಲಿ ಒಂದು ವಾರ ಬಿಡದೆ ಸುರಿದರೆ ಕೊಯ್ನಾ, ಹಿಡಕಲ್, ನವಿಲುತೀರ್ಥ ಜಲಾಶಯಗಳು ತುಂಬಿ ಬಾಗಿಲು ತೆರೆಯುತ್ತವೆ. ಇಲ್ಲಿ ನಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಅಂಗಳಕ್ಕೆ ಹೊಳೆ ಬರುತ್ತದೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಮಳೆ ನಮ್ಮ ಬಯಲಿನ ಮೇಲೆಯೇ ಸುರಿಯಿತು. ನಾಲ್ಕಾರು ದಿನಗಳಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಕರಗಿ ಕುಸಿದವು. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2019ರ ಆಗಸ್ಟಿನಲ್ಲಿ ಮತ್ತೆ ಮೂರೂ ಹೊಳೆಗಳು ಒಟ್ಟಿಗೆ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಮಲಪ್ರಭೆ ನಿಂತಿದ್ದ ಚಿತ್ರವನ್ನು ನೀವೂ ನೋಡಿರುತ್ತೀರಿ. ಇನ್ನು 2023ರಲ್ಲಿ ಇದಕ್ಕೆ ಉಲ್ಟಾ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.

ಒಂದೇ ನೆಲಕ್ಕೆ ನೆರೆಯೂ ಬರವೂ ಹೇಗೆ ಎಂದು ಕೇಳಬಹುದು. ನಮ್ಮ ಅಡಿಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಗಾಳಿಯನ್ನು ಒಂದು ಪಾತ್ರೆ ಎಂದುಕೊಳ್ಳಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಿನ ಹಬೆಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಎಂದರೆ ಪಾತ್ರೆ ದೊಡ್ಡದಾಯಿತು. ದೊಡ್ಡ ಪಾತ್ರೆ ತುಂಬಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಮಳೆಯ ನಡುವಿನ ಬಿಡುವು ಉದ್ದವಾಗುತ್ತದೆ. ತುಂಬಿದ ಮೇಲೆ ಬೋರಲಾದರೆ ಒಮ್ಮೆಗೇ ಸುರಿಯುತ್ತದೆ. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ಹೊತ್ತಿಗೆ ಸುಮಾರು 0.7 ಡಿಗ್ರಿ ಏರಿದೆ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಇದಕ್ಕೆ ದೊಡ್ಡ ಕಾರಣ. ಆ ಹೊಗೆಯಲ್ಲಿ ಬಾದಾಮಿ ತಾಲ್ಲೂಕಿನ ತಾಂಡಾದ ಹೆಣ್ಣುಮಗಳ ಪಾಲು ಎಷ್ಟು? ಮೂರು ಕಲ್ಲಿನ ಒಲೆಯ ಹೊಗೆಯಷ್ಟು. ಪೆಟ್ಟು ಬೀಳುವುದು ಮಾತ್ರ ಮೊದಲು ಅವಳಿಗೇ.

ಗುಳೆ ಹೋಗುವವರು

ಗುಳೆ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಹಿಂಗಾರಿ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆಂದು ಹೊರಡುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕಟಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಎರಡು ಪಾತ್ರೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಕುಳಿತ ಹೆಂಗಸರನ್ನು ನೀವೂ ಕಂಡಿದ್ದೀರಿ. ಅವರ ಮನೆಯ ಬಾಗಿಲಿಗೆ ಬೀಗ, ಒಳಗೆ ಮುದುಕಿ. ಮಗುವಿನ ಶಾಲೆ ಅರ್ಧಕ್ಕೆ ನಿಂತಿರುತ್ತದೆ.

ಲಂಬಾಣಿಗರ ಕಥೆಯನ್ನು ಸ್ವಲ್ಪ ಕೇಳಿ. ಅವರು ಅಲೆಮಾರಿಗಳು, ಅಲೆಯುವುದೇ ಅವರ ಸ್ವಭಾವ ಎಂದು ಹಗುರವಾಗಿ ಆಡುವವರಿದ್ದಾರೆ. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದವರು ಅವರು. ಅಂದರೆ ಅದು ಅಲೆದಾಟವಲ್ಲ, ವ್ಯಾಪಾರ. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು, ಕಸುಬು ಹೋಯಿತು. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಕಳ್ಳರು ಎಂದು ಎಷ್ಟೋ ಸಮುದಾಯಗಳ ಹಣೆಗೆ ಬರೆಯಿತು. ಲಂಬಾಣಿಗರ ಕೆಲವು ಗುಂಪುಗಳಿಗೂ ಆ ಹಣೆಪಟ್ಟಿ ತಪ್ಪಲಿಲ್ಲ. ಸ್ವತಂತ್ರ ಭಾರತ ಅದನ್ನು 1952ರಲ್ಲಿ ರದ್ದು ಮಾಡಿತು. ಕಾಯ್ದೆ ಹೋಯಿತು, ಆದರೆ ಊರ ಹೊರಗೆ ಕಟ್ಟಿಕೊಂಡ ತಾಂಡಾ ಹೊರಗೇ ಉಳಿಯಿತು. ಎಷ್ಟೋ ತಾಂಡಾಗಳು ಸರ್ಕಾರದ ಕಡತದಲ್ಲಿ ಊರೇ ಆಗಿರಲಿಲ್ಲ. ಮೂರು ತಲೆಮಾರು ಒಂದೇ ಒಲೆಯಲ್ಲಿ ಉಂಡಿದ್ದರೂ ಆ ಒಲೆಯ ಕೆಳಗಿನ ನೆಲ ಅವರದಲ್ಲ.

ಇತ್ತೀಚೆಗೆ ಕರ್ನಾಟಕ ಭೂಸುಧಾರಣೆ ಕಾಯ್ದೆಗೆ 38-ಎ ಎಂಬ ಕಲಂ ಸೇರಿತು. ದಾಖಲೆ ಇಲ್ಲದ ತಾಂಡಾ, ಹಟ್ಟಿಗಳಲ್ಲಿ ವಾಸವಿರುವವರಿಗೆ ಮನೆಯ ಜಾಗದ ಹಕ್ಕುಪತ್ರ ಕೊಡಲು ದಾರಿಯಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರ ಸಮ್ಮುಖದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಒಂದು ಹಾಳೆ ಅಷ್ಟೇ. ಆದರೆ ಆ ಹಾಳೆ ಇದ್ದವಳ ಮನೆ ನೆರೆಯಲ್ಲಿ ಬಿದ್ದರೆ ಅದು "ಬಿದ್ದ ಮನೆ." ಹಾಳೆ ಇಲ್ಲದವಳು, ಇಲ್ಲಿ ನನ್ನ ಮನೆ ಇತ್ತು ಎಂಬುದನ್ನೇ ಮೊದಲು ಸಾಬೀತು ಮಾಡಬೇಕು.

ಕೇಳದೆ ಬರೆದ ಕಾನೂನು

ಈ ಕಷ್ಟ ಲಂಬಾಣಿಗರದೊಂದೇ ಅಲ್ಲ. ನಮ್ಮ ಮುಧೋಳ ಕಡೆಯ ಹಲಗಲಿಯ ಬೇಡರ ಹೆಸರು ಯಾರಿಗೆ ಗೊತ್ತಿಲ್ಲ? 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ ಎಂದಾಗ ಅವರು ಒಪ್ಪಲಿಲ್ಲ. ಬೇಟೆಯ ಜನಕ್ಕೆ ಹತಾರ ಎಂದರೆ ಮಾನವೂ ಹೌದು, ಹೊಟ್ಟೆಪಾಡೂ ಹೌದು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಯಾರ ಬದುಕಿನ ಮೇಲೆ ಕಾನೂನು ಬೀಳುತ್ತದೋ ಅವರನ್ನು ಕೇಳದೆ ಕಾನೂನು ಮಾಡಿದರೆ ಹೀಗಾಗುತ್ತದೆ.

ದಕ್ಷಿಣದಲ್ಲಿ ನಾಗರಹೊಳೆಯ ಜೇನುಕುರುಬರನ್ನು ನೋಡಿ. ಹುಲಿ, ಆನೆಗಳ ರಕ್ಷಣೆಗೆಂದು ಕಾಡನ್ನು ಮೀಸಲಿಟ್ಟಾಗ 1970ರ ದಶಕದಿಂದೀಚೆಗೆ ಅವರನ್ನು ಹಾಡಿಗಳಿಂದ ಹೊರಗೆ ಕಳಿಸಿದರು. ಕಾಫಿ ತೋಟಗಳ ಕೂಲಿಗಳಾದರು. 2025ರ ಮೇ ತಿಂಗಳಲ್ಲಿ ಸುಮಾರು ಐವತ್ತು ಕುಟುಂಬಗಳು, "ಇದು ನಮ್ಮ ಹಿರಿಯರ ಜಾಗ" ಎಂದು ಕರಡಿಕಲ್ಲು ಅತ್ತೂರು ಕೊಳ್ಳಿ ಹಾಡಿಗೆ ಮರಳಿ ಹೋಗಿ ಗುಡಿಸಲು ಹಾಕಲು ಮುಂದಾದವು. ಅವರು ಹಿಡಿದಿದ್ದ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ. ಅದೇ ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವ ಹಕ್ಕು ಅದರಲ್ಲಿ ಬರುತ್ತದೆ.

ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಮೂಲನಿವಾಸಿ ಜನರ ಹಕ್ಕುಗಳ ಘೋಷಣೆ ಹೊರಡಿಸಿತು. ಭಾರತವೂ ಅದರ ಪರವಾಗಿ ಮತ ಹಾಕಿತು. ಮೂಲನಿವಾಸಿಗಳನ್ನು ಅವರ ನೆಲದಿಂದ ಬಲವಂತವಾಗಿ ಎಬ್ಬಿಸಬಾರದು, ಮೊದಲೇ ವಿಷಯ ತಿಳಿಸಿ, ಒತ್ತಾಯವಿಲ್ಲದೆ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದು. ಯಾರು ಮೂಲನಿವಾಸಿ, ಯಾರು ಪರಿಶಿಷ್ಟ ಜಾತಿ, ಯಾರು ಪರಿಶಿಷ್ಟ ಪಂಗಡ ಎಂಬುದು ಸರ್ಕಾರದ ಪಟ್ಟಿಯ ಮಾತು. ನಮ್ಮಲ್ಲಿ ಬೇಡರು ಒಂದು ಪಟ್ಟಿಯಲ್ಲಿ, ಲಂಬಾಣಿಗರು ಇನ್ನೊಂದರಲ್ಲಿ. ಆದರೆ "ನಮ್ಮನ್ನು ಎಬ್ಬಿಸುವ ಮೊದಲು ನಮ್ಮನ್ನೊಂದು ಮಾತು ಕೇಳಿ" ಎಂಬುದಕ್ಕೆ ಪಟ್ಟಿ ಬೇಕೇ?

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ. ಪೆಸಿಫಿಕ್ ಸಾಗರದಲ್ಲಿ ಪಾಪುವಾ ನ್ಯೂ ಗಿನಿ ದೇಶಕ್ಕೆ ಸೇರಿದ ಕಾರ್ಟೆರೆಟ್ ಎಂಬ ಪುಟ್ಟ ದ್ವೀಪಗಳಿವೆ. ಸಮುದ್ರದ ಉಪ್ಪುನೀರು ನುಗ್ಗಿ ಅಲ್ಲಿಯ ಕೆಸುವಿನ ಗಡ್ಡೆಯ ತೋಟಗಳು ಕೆಟ್ಟವು. ಅಲ್ಲಿ ಭೂಮಿ ತಾಯಿಯಿಂದ ಮಗಳಿಗೆ ಬರುವ ಪದ್ಧತಿ. ದ್ವೀಪ ಬಿಡುವ ಕಾಲ ಬಂದಾಗ ಉರ್ಸುಲಾ ರಕೋವಾ ಎಂಬ ಹೆಣ್ಣುಮಗಳೇ ಮುಂದೆ ನಿಂತು, 2006ರಿಂದ ಸಂಘಟನೆ ಕಟ್ಟಿ, ಹತ್ತಿರದ ಬೂಗನ್‌ವಿಲ್‌ನಲ್ಲಿ ಜಮೀನು ಗೊತ್ತುಮಾಡಿ ಕೆಲವು ಕುಟುಂಬಗಳನ್ನು ನೆಲೆಗೊಳಿಸಿದರು. ಮನೆಯ ಜೊತೆಗೆ ತೋಟಕ್ಕೂ ಜಾಗ ನೋಡಿದರು.

ಇನ್ನು ನಮ್ಮಲ್ಲಿ 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳನ್ನು ನೆನೆಸಿಕೊಳ್ಳಿ. ಎಷ್ಟೋ ಕಡೆ ಜನ ಅಲ್ಲಿ ಹೋಗಿ ಇರಲಿಲ್ಲ. ಯಾಕೆ? ದನ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಜಾಗವಿಲ್ಲ, ಹೊಲ ದೂರ. ನಕ್ಷೆ ಬರೆಯುವ ಮುಂಚೆ ಊರಿನ ಹತ್ತು ಹೆಂಗಸರನ್ನು ಕೂಡಿಸಿ, "ಕುಳ್ಳು ಎಲ್ಲಿ ಇಡ್ತೀರಿ, ನೀರು ಎಲ್ಲಿಂದ ತರ್ತೀರಿ?" ಎಂದು ಕೇಳಿದ್ದರೆ ಇಷ್ಟು ಸಿಮೆಂಟು ವ್ಯರ್ಥವಾಗುತ್ತಿರಲಿಲ್ಲ.

ನಮ್ಮ ಮನೆಯ ಬಾಗಿಲಿಗೇ ಬಂದ ಮಾತು

ಈಗ ಇದು ಬೇರೆಯವರ ಕಥೆ ಎಂದು ಹಾಳೆ ಮಗುಚಬೇಡಿ. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯ ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಬಹುದು ಎಂದಿತು. ಅದಕ್ಕಾಗಿ ಇನ್ನೂ 75,563 ಎಕರೆ ಮುಳುಗಡೆಯಾಗಬೇಕು. ಇಪ್ಪತ್ತು ಹಳ್ಳಿಗಳೂ ಹಳೆಯ ಬಾಗಲಕೋಟೆಯ ಉಳಿದ ಭಾಗಗಳೂ ಆ ಲೆಕ್ಕದಲ್ಲಿವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನಿಸಿತು.

ದುಡ್ಡಿನ ಸುದ್ದಿ ಬಂದ ಕೂಡಲೇ ಮನೆಮನೆಗಳಲ್ಲಿ ಇನ್ನೊಂದು ಸುದ್ದಿ ಏಳುತ್ತದೆ. ಗಂಡನ ಮನೆಗೆ ಹೋಗಿ ಇಪ್ಪತ್ತು ವರ್ಷವಾದ ಮಗಳಿಗೆ ತವರಿನಿಂದ ಕರೆ ಬರುತ್ತದೆ. "ಬಾ ತಂಗಿ, ಒಂದು ಸಹಿ ಬೇಕಾಗೇದ. ನಿನಗ ಒಂದು ಇಳಕಲ್ ಸೀರಿ, ಎರಡು ಬಳಿ ಮಾಡಿಸಿಕೊಡ್ತೀವಿ." ಹಕ್ಕು ಬಿಟ್ಟುಕೊಟ್ಟ ಪತ್ರ ಅದು. ಅಣ್ಣತಮ್ಮಂದಿರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೊಲ ಉತ್ತವರು, ತಂದೆ ತಾಯಿಯನ್ನು ನೋಡಿಕೊಂಡವರು ಅವರೇ ಇರಬಹುದು. ತಂಗಿಯ ಮದುವೆಗೆ ಸಾಲ ಮಾಡಿದವರೂ ಇರಬಹುದು. ಸಹಿ ಹಾಕದಿದ್ದರೆ ಪಂಚಮಿಗೆ ಕರೆಯುವವರು ಯಾರು ಎಂಬ ಅಳುಕು ನಮ್ಮ ಎದೆಯಲ್ಲೂ ಇದ್ದೇ ಇರುತ್ತದೆ. ತವರಿಗಿಂತ ದೊಡ್ಡ ಆಸ್ತಿ ಯಾವುದು ಎಂದು ಅನೇಕರು ಸಹಿ ಹಾಕಿ ಬರುತ್ತಾರೆ.

ಹಾಕುವುದೋ ಬಿಡುವುದೋ ನಿಮ್ಮ ಮನಸ್ಸಿನ ಮಾತು. ಆದರೆ ಏನನ್ನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಹಕ್ಕು. ಆ ವರ್ಷ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾನೂನುಬದ್ಧವಾಗಿ ಆದ ಪಾಲುಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಅಣ್ಣನ ಎದುರು ಕುಳಿತು, "ಅಣ್ಣಾ, ನೀನು ದುಡಿದದ್ದು ನನಗೆ ಗೊತ್ತು. ಹೆಚ್ಚಿನ ಪಾಲು ನಿನಗೇ ಇರಲಿ, ಆದರೆ ನನ್ನ ಮಗಳ ಓದಿಗೆ ಇಷ್ಟು ಬರೆದುಕೊಡು" ಎಂದರೆ ಅದು ಜಗಳವಲ್ಲ, ಮಾತುಕತೆ. ತವರೂ ಉಳಿಯುತ್ತದೆ, ಪಾಲೂ ಉಳಿಯುತ್ತದೆ.

1894ರ ಕಾಯ್ದೆಯ ಜಾಗದಲ್ಲಿ 2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಬಂದಿದೆ. 2013ರ ಕಾಯ್ದೆ ಎಂದು ಕರೆಯುವುದು ಇದನ್ನೇ. ಇದರಲ್ಲಿ ನಮಗೆ ಬೇಕಾದ ಮೂರು ಮಾತುಗಳಿವೆ. ಮೊದಲನೆಯದು, ವಿಧವೆಯರು, ವಿಚ್ಛೇದನ ಪಡೆದವರು, ಮನೆಯವರು ಕೈಬಿಟ್ಟ ಹೆಂಗಸರು, ಇವರನ್ನು ಬೇರೆಯೇ ಕುಟುಂಬವೆಂದು ಎಣಿಸಬೇಕು. ಮೈದುನನ ಮನೆಯ ಮೂಲೆಯಲ್ಲಿ ಇರುವವಳೂ ಒಂದು ಕುಟುಂಬ. ಎರಡನೆಯದು, ಜಮೀನಿಲ್ಲದ ಕೂಲಿಯವರು, ಗೇಣಿಯವರು, ಕುಶಲಕರ್ಮಿಗಳು ಅಲ್ಲಿ ಮೂರು ವರ್ಷದಿಂದ ದುಡಿಯುತ್ತಿದ್ದು ಅವರ ಮುಖ್ಯ ಜೀವನೋಪಾಯಕ್ಕೆ ಪೆಟ್ಟು ಬಿದ್ದರೆ ಅವರೂ ಸಂತ್ರಸ್ತರೇ. ಆ ಬಾಡಿಗೆ ಮನೆಯ ನೇಕಾರಳಿಗೂ ಈಗ ಲೆಕ್ಕದಲ್ಲಿ ಜಾಗವಿದೆ. ಮೂರನೆಯದು, ಕೊಡುವ ನಿವೇಶನ ಅಥವಾ ಮನೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಮಾಡಬಹುದು. ಮಾಡಲೇಬೇಕು ಎಂದಿಲ್ಲ, ಮಾಡಬಹುದು. ಆದ್ದರಿಂದ ನಾವು ಬಾಯಿಬಿಟ್ಟು ಕೇಳಬೇಕು. ಅರಣ್ಯ ಹಕ್ಕು ಕಾಯ್ದೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಮದುವೆಯಾದವರಿಗೆ ಇಬ್ಬರ ಹೆಸರಿನಲ್ಲೇ ಹಕ್ಕುಪತ್ರ ಕೊಡಬೇಕು ಎನ್ನುತ್ತದೆ. ಜೇನುಕುರುಬರ ಹೆಂಗಸಿಗೆ ಕಾನೂನು ಕೊಟ್ಟ ಮಾನವನ್ನು ಪಟ್ಟಣದ ನಾವು ಇನ್ನೂ ಕೇಳಿ ಪಡೆಯಬೇಕಾಗಿದೆ, ನೋಡಿ!

ಈ ಹದಿನೈದು ದಿನಗಳ ಕೆಲಸ

ಉಪ್ಪಿನಕಾಯಿ ಹಾಕಿದ ಹಾಗೆ, ಒಂದು ಮಧ್ಯಾಹ್ನ ಕೂತು ಮಾಡಿದರೆ ವರ್ಷವಿಡೀ ನಿಶ್ಚಿಂತೆ.

ಮನೆಯ ಉತಾರ, ಹೊಲದ ಪಹಣಿ, ಪಡಿತರ ಚೀಟಿ, ಆಧಾರ್, ಮಕ್ಕಳ ಜನನ ಪತ್ರ, ಜಾತಿ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಇವುಗಳನ್ನು ಹೊರತೆಗೆಯಿರಿ. ಪ್ರತಿಯೊಂದರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ತವರಿನ ಹೆಸರು, ಒಂದರಲ್ಲಿ ಮದುವೆಯಲ್ಲಿ ಇಟ್ಟ ಹೆಸರು ಇದ್ದರೆ ಪರಿಹಾರದ ಹೊತ್ತಿಗೆ ತೊಡಕಾಗುತ್ತದೆ. ಈಗಲೇ ಸರಿಪಡಿಸಿಕೊಳ್ಳಿ.

ಎಲ್ಲದರ ಎರಡು ಝೆರಾಕ್ಸ್ ಮಾಡಿಸಿ. ಮೂಲ ಪತ್ರಗಳನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ಎತ್ತರದ ಜಾಗದಲ್ಲಿ ಇಡಿ. ಕಪಾಟಿನ ಕೆಳಗಿನ ಖಾನೆ ಬೇಡ. ಒಂದು ಪ್ರತಿ ನೀರು ಬಾರದ ಊರಿನಲ್ಲಿರುವ ನಂಟರ ಮನೆಯಲ್ಲಿರಲಿ. ಮೊಬೈಲಿನಲ್ಲಿ ಚಿತ್ರ ತೆಗೆದು ಮಗಳಿಗೆ ಕಳಿಸಿಡಿ.

ಮಾವ ತೀರಿಕೊಂಡು ಹತ್ತು ವರ್ಷವಾದರೂ ಪಹಣಿಯಲ್ಲಿ ಅವರದೇ ಹೆಸರಿದೆಯೇ? ಪೌತಿ ಖಾತೆ ಮಾಡಿಸಲು ನಾಡಕಚೇರಿಯಲ್ಲಿ ಅರ್ಜಿ ಕೊಡಿಸಿ. ವಾರಸುದಾರರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿಲ್ಲ ತಾನೇ, ಕಣ್ಣಾರೆ ನೋಡಿ.

ಯಾವುದೇ ಒಪ್ಪಿಗೆ ಪತ್ರಕ್ಕೆ, ಹಕ್ಕು ಬಿಡುಗಡೆ ಪತ್ರಕ್ಕೆ ನಿಂತ ಕಾಲಲ್ಲಿ ಸಹಿ ಹಾಕಬೇಡಿ. "ಓದಿಸಿ ನಾಳೆ ಹೇಳ್ತೀನಿ" ಎನ್ನಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ನೆರೆ, ಬರದಲ್ಲಿ ನೊಂದವರಿಗೂ ಅದೇ ಹಕ್ಕುಂಟು. ತಾಲ್ಲೂಕು ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ.

ಇನ್ನೊಂದು ಕೆಲಸ ನೆರೆಹೊರೆಯದು. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳು, ಹೊಲಕ್ಕೆ ಕಳೆ ತೆಗೆಯಲು ಬರುವ ತಾಂಡಾದವಳು ಗುಳೆ ಹೊರಟಿದ್ದರೆ, ಕೈಗೆ ಹಳೆ ಸೀರೆ ಕೊಟ್ಟು ಕಳಿಸುವುದರ ಜೊತೆಗೆ ಎರಡು ಮಾತನ್ನೂ ಕೊಟ್ಟು ಕಳಿಸಿ. ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗಿದ್ದರೆ ಗೋವಾದಲ್ಲೂ ಕೇಂದ್ರದ ಪಾಲಿನ ಧಾನ್ಯ ಸಿಗುತ್ತದೆ. 2022ರಿಂದ ಎಲ್ಲ ರಾಜ್ಯಗಳಲ್ಲೂ ಈ ಅನುಕೂಲ ಇದೆ. ಮಗುವಿನ ವರ್ಗಾವಣೆ ಪತ್ರ ಬರುವುದು ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹಾಗೆ ಹೇಳುತ್ತದೆ. ಅವಳಿಗೆ ಓದು ಬಾರದಿದ್ದರೆ ಅವಳ ಕಾಗದಗಳನ್ನು ನೀವೇ ಓದಿ ಹೇಳಿ. ತಾಂಡಾದ ಮನೆಯ ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟಿದ್ದಾಳೆಯೇ ಎಂದು ಕೇಳಿ. ಕೊಟ್ಟಿಲ್ಲದಿದ್ದರೆ ಊರಿಗೆ ಮರಳಿದಾಗ ತಹಶೀಲ್ದಾರ್ ಕಚೇರಿಗೆ ಜೊತೆಯಲ್ಲಿ ಹೋಗಿ. ಅರ್ಧ ದಿನ ಹೋಗಬಹುದು. ಅವಳಿಗೆ ಒಂದು ಮನೆ ಬರಬಹುದು.

ಕೃಷ್ಣೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮೋಡಕ್ಕೆ ಬುದ್ಧಿ ಹೇಳುವುದಕ್ಕೂ ಆಗದು. ಆದರೆ ನೀರು ಇಳಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಕುಳಿತ ಅಧಿಕಾರಿ ಪಟ್ಟಿ ಓದುತ್ತಾನಲ್ಲ, ಆ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ತಾಂಡಾದ ಆ ಅಕ್ಕನ ಹೆಸರನ್ನೂ ಬರೆಸುವುದು ನಮ್ಮಿಂದ ಆಗುವ ಕೆಲಸ. ಮಾಡಿ ನೋಡಿ, ಏನಾಯಿತೆಂದು ನಮಗೆ ಪತ್ರ ಬರೆಯಿರಿ.

ಬೇಳೆ ಬೆಂದಿರಬೇಕು. ಏಳಿ, ಒಗ್ಗರಣೆ ಹಾಕಿ.